ನಾಲ್ಕನೆಯ ತಲೆ

ಯಂತ್ರ ನಿಲ್ಲಿಸಿದ್ದು ನಾನೇ. ಆಮೇಲೆ ಊರಲ್ಲಿ ಏನೇನೋ ಕಥೆ ಹುಟ್ಟಿಕೊಂಡವು, ಕರೆಂಟ್ ಹೋಗಿತ್ತಂತೆ, ಬೆಲ್ಟು ಕಿತ್ತುಹೋಗಿತ್ತಂತೆ ಅಂತ. ಕರೆಂಟೂ ಹೋಗಿರಲಿಲ್ಲ, ಬೆಲ್ಟೂ ಕಿತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಹ್ಜೂಬಾ ಎಂಬ ನಾನು ಕೆಂಪು ಗುಂಡಿ ಒತ್ತಿದೆ. ಒತ್ತಿ, ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತೆ.

ಸಾಫಿ ಬಂದರಿನ ಪಕ್ಕದ ನಮ್ಮ ಕಾರ್ಖಾನೆಯಲ್ಲಿ ಬೂತಾಯಿ ಮೀನನ್ನು ಎಣ್ಣೆ ಹಾಕಿ ಡಬ್ಬಿಗೆ ತುಂಬಿ ಹಡಗಿನಲ್ಲಿ ಫ್ರಾನ್ಸಿಗೆ ಕಳಿಸುತ್ತೇವೆ. ಮೀನಿನ ತಲೆ ಕತ್ತರಿಸುವವರು, ಡಬ್ಬಿಗೆ ಜೋಡಿಸುವವರು ಎಲ್ಲ ಹೆಂಗಸರು. ಯಂತ್ರದ ಮುಂದೆ ನಿಲ್ಲುವವರು ಗಂಡಸರು. ನನ್ನ ಅಜ್ಜಿಯ ಕಾಲದಿಂದಲೂ ಹೀಗೇ. ಎಂಟು ವರ್ಷದ ಹಿಂದೆ ಮುಚ್ಚಳ ಬಿಗಿಯುವ ಯಂತ್ರದವನು ಸೊಂಟ ಹಿಡಿದುಕೊಂಡು ಮಲಗಿದಾಗ, ಒಂದು ವಾರದ ಮಟ್ಟಿಗೆ ಅಂತ ನನ್ನನ್ನು ಅಲ್ಲಿ ನಿಲ್ಲಿಸಿದರು. ಆ ವಾರ ಇನ್ನೂ ಮುಗಿದಿಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ಇವತ್ತಿಗೂ ನಾನು ತಲೆ ಕತ್ತರಿಸುವವಳೇ.

ಮುಚ್ಚಳ ಬಿಗಿಯುವುದೆಂದರೆ ಮೇಲಿಂದ ಒತ್ತಿ ಕೂರಿಸುವುದಲ್ಲ. ಮುಚ್ಚಳದ ಅಂಚು ಡಬ್ಬಿಯ ಅಂಚಿನೊಳಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳಬೇಕು. ಮೊದಲ ಉರುಳೆ ಎರಡನ್ನೂ ಸೇರಿಸಿ ಮಡಿಸುತ್ತದೆ, ಎರಡನೆಯದು ಆ ಮಡಿಕೆಯನ್ನು ಒತ್ತಿ ಚಪ್ಪಟೆ ಮಾಡುತ್ತದೆ. ನಮ್ಮ ಯಂತ್ರಕ್ಕೆ ಇಂಥ ಆರು ತಲೆಗಳು. ದುಂಡಗೆ ತಿರುಗುತ್ತಾ ಒಂದೊಂದು ತಲೆಯೂ ಒಂದೊಂದು ಡಬ್ಬಿಯನ್ನು ಹಿಡಿದು, ಬಿಗಿದು, ಬಿಡುತ್ತದೆ. ಆರು ಡಬ್ಬಿ, ಆರು ಸದ್ದು. ಸೋಮವಾರದಿಂದ ನಾಲ್ಕನೆಯ ಸದ್ದು ಶೀತವಾದ ಗಂಟಲಿನಂತೆ ಗೊರಗೊರ ಅನ್ನುತ್ತಿತ್ತು.

ಅವತ್ತೇ ನಾನು ಕೈಗವಸು ಬಿಚ್ಚಿ ಹೆಬ್ಬೆರಳಿನ ಉಗುರನ್ನು ನಾಲ್ಕನೆಯ ಡಬ್ಬಿಯ ಮಡಿಕೆಯ ಸುತ್ತ ಓಡಿಸಿದೆ. ಮೂಲೆಯ ತಿರುವಿನಲ್ಲಿ ಉಗುರು ತಡೆಯಿತು. ಅಲ್ಲೊಂದು ಸಣ್ಣ ತುಟಿ, ಕೆಳಗೆ ಇಳಿಬಿದ್ದಿತ್ತು. ಕೊಕ್ಕೆ ಸಿಕ್ಕಿಲ್ಲ ಎಂದರೆ ಹೀಗೇ ಆಗುವುದು. ಡಬ್ಬಿಯನ್ನು ಹಬೆಯಲ್ಲಿ ಬೇಯಿಸಿ ತಣ್ಣೀರಿಗೆ ಹಾಕಿದಾಗ ಆ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಒಳಗೆ ಏನು ಬೆಳೆಯುತ್ತದೋ ಅದು ಮೂಗಿಗೂ ಗೊತ್ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ತಿಂದವರಿಗೆ ಮಾತ್ರ ಗೊತ್ತಾಗುತ್ತದೆ.

ಸೋಮವಾರವೇ ಹೇಳಿದ್ದೆ. ನಮ್ಮ ಮೆಕ್ಯಾನಿಕ್ಕು ಬೂಶ್ತಾ ತಲೆ ಕೆರೆದುಕೊಂಡಿದ್ದ.

"ಬೇರಿಂಗ್ ಸವೆದಿದೆ ಮಹ್ಜೂಬಾ ಅಕ್ಕಾ. ಹಿಂದಿನ ಶೆಡ್ಡಲ್ಲಿ ಇನ್ನೊಂದು ಯಂತ್ರ ಇದೆಯಲ್ಲ, ಅದರದ್ದು ತೆಗೆದು ಹಾಕಿದ್ರೆ ಒಂದು ಗಂಟೆ ಕೆಲಸ. ಆದ್ರೆ ಮ್ಯಾನೇಜರು ಅದನ್ನ ಮುಟ್ಟಬೇಡ ಅಂದಿದಾರೆ. ಯಾರಿಗೋ ಮಾರೋ ಮಾತಾಗಿದೆಯಂತೆ."

"ಅಂದಿದಾರೆ ಅಂತ ಸುಮ್ನಿದೀಯಾ?"

"ನನ್ ಮೂರು ಮಕ್ಳನ್ನ ನೀನು ಸಾಕ್ತೀಯಾ?"

 ಮಂಗಳವಾರ ನಾನೇ ಒಂದು ಸಲ ಯಂತ್ರ ನಿಲ್ಲಿಸಿದೆ, ಬುಧವಾರ ಒಂದು ಸಲ. ಎರಡು ಸಲವೂ ಮ್ಯಾನೇಜರ್ ಸಿ ಝುಹೈರ್, ಅಂದರೆ ಝುಹೈರ್ ಸಾಹೇಬರು, ಬಂದು ಹಸಿರು ಗುಂಡಿ ಒತ್ತಿ ಹೋದರು. ಬುಧವಾರ ಹೋಗುವಾಗ ಒಂದು ಮಾತು ಹೇಳಿದ್ದರು: "ಮೂರನೇ ಸಲ ಕೆಂಪು ಗುಂಡಿ ಮುಟ್ಟು ನೋಡೋಣ. ಮತ್ತೆ ಚಾಕು ಹಿಡ್ಕೊಂಡು ಮೀನಿನ್ ಮೇಜಿಗೇ ಹೋಗ್ತೀಯ."

ಗುರುವಾರ ಅವರು ಬಂದಾಗ ಮುಖ ಕೆಂಪೇರಿತ್ತು. ಹಿಂದೆಯೇ ಇಬ್ತಿಸಾಮ್ ಬಂದಳು. ಅಗಾದಿರ್‌ನಲ್ಲಿ ಓದಿ ಬಂದ ಹುಡುಗಿ, ಡಬ್ಬಿಗಳ ಗುಣಮಟ್ಟ ನೋಡುವ ಕೆಲಸ ಅವಳದು. ಬಿಳಿ ಕೋಟು, ಕೈಯಲ್ಲಿ ಅಳತೆಯ ಉಪಕರಣ, ಅಚ್ಚುಕಟ್ಟಾದ ಪುಸ್ತಕ.

"ಏನಮ್ಮಾ ಇವತ್ತೇನು, ನಿನ್ನ ಉಗುರಿಗೆ ಕನಸು ಬಿತ್ತಾ?" ಅಂದರು ಸಿ ಝುಹೈರ್. "ಹೊರಗೆ ಮೂರು ಲಾರಿ ಮೀನು ನಿಂತಿದೆ. ಐಸು ಕರಗ್ತಾ ಇದೆ. ಇವಳಿಗೆ ಗೊರಗೊರ ಕೇಳ್ಸುತ್ತಂತೆ!"

"ನಾಲ್ಕನೇ ತಲೆ ಕೊಕ್ಕೆ ಹಿಡೀತಾ ಇಲ್ಲ ಸಿ ಝುಹೈರ್."

"ಹಿಡೀತಿದೆ. ಇಬ್ತಿಸಾಮ್, ಓದಮ್ಮ."

ಹುಡುಗಿ ಪುಸ್ತಕ ತೆರೆದಳು. "ಖಾಲ್ತಿ, ನಾನು ಪ್ರತಿ ತಟ್ಟೆಯಿಂದ ಒಂದು ಡಬ್ಬಿ ತೆಗೆದು ಕತ್ತರಿಸಿ ನೋಡಿದೀನಿ. ಮೂರು ದಿನದಿಂದ ಒಂದೂ ತಪ್ಪಿಲ್ಲ." ಖಾಲ್ತಿ ಅಂದರೆ ಚಿಕ್ಕಮ್ಮ. ಅವಳು ಹೀಗೆ ಕರೆದಾಗಲೆಲ್ಲ ನನಗೆ ಸಿಟ್ಟು ಅರ್ಧ ಇಳಿದುಬಿಡುತ್ತದೆ, ಅದು ಬೇರೆ ತೊಂದರೆ.

"ತಟ್ಟೇಲಿ ಎಷ್ಟು ಡಬ್ಬಿ ಇರುತ್ತವ್ವಾ?"

"ಅರವತ್ತು."

"ಅದ್ರಲ್ಲಿ ಯಾವುದನ್ನ ತೆಗೀತೀಯ?"

"ಮೊದಲನೇದನ್ನ. ಯಾವಾಗಲೂ ಮೊದಲನೇದನ್ನೇ. ಒಂದೇ ಕ್ರಮ ಇರ್ಲಿ ಅಂತ."

"ಯಂತ್ರಕ್ಕೆ ತಲೆ ಎಷ್ಟು?"

ಅವಳು ಆರು ಅನ್ನಹೊರಟು ಬಾಯಿ ತೆರೆದಳು.  ಕೈಯಲ್ಲಿದ್ದ ಪುಸ್ತಕವನ್ನು ಒಂದು ಸಲ ನೋಡಿದಳು, ಯಂತ್ರವನ್ನು ಒಂದು ಸಲ ನೋಡಿದಳು. ನನಗೆ ಓದು ಬರುವುದಿಲ್ಲ, ಆದರೆ ಎಂಟು ವರ್ಷ ಆರಾರು ಸದ್ದು ಕೇಳಿದವಳಿಗೆ ಆರರ ಮಗ್ಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತು ಸುತ್ತಿಗೆ ಒಂದು ತಟ್ಟೆ ತುಂಬುತ್ತದೆ. ಹನ್ನೊಂದನೆಯ ಸುತ್ತಿನ ಮೊದಲ ಡಬ್ಬಿಯೇ ಮುಂದಿನ ತಟ್ಟೆಯ ಮೊದಲ ಡಬ್ಬಿ. ಮೂರು ದಿನ ಈ ಜಾಣೆ ಹುಡುಗಿ ಒಂದನೆಯ ತಲೆ ಬಿಗಿದದ್ದನ್ನು ಮಾತ್ರ ಕತ್ತರಿಸಿ ಕತ್ತರಿಸಿ ನೋಡಿದ್ದಳು.

"ಅಯ್ಯೋ ದೇವರೇ," ಅಂದಳು ಇಬ್ತಿಸಾಮ್, ಮೆಲ್ಲಗೆ.

ನಾನು ಯಂತ್ರದಿಂದ ಇಳಿದ ಕೊನೆಯ ಆರು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವಳು ನಾಲ್ಕನೆಯದನ್ನೇ ಮೊದಲು ಎತ್ತಿಕೊಂಡಳು, ಇಕ್ಕಳದಿಂದ ಮಡಿಕೆ ಬಿಚ್ಚಿದಳು, ಉಪಕರಣ ಹಿಡಿದು ಅಳೆದಳು. ಇನ್ನೊಂದು ಸಲ ಅಳೆದಳು. ಆಮೇಲೆ ಅವಳು ಮಾತಾಡಿದ್ದು ಸಿ ಝುಹೈರ್ ಜೊತೆಗಲ್ಲ, ನನ್ನ ಜೊತೆ.

"ಕೊಕ್ಕೆ ಅರ್ಧವೂ ಸಿಕ್ಕಿಲ್ಲ ಖಾಲ್ತಿ. ನನ್ ತಪ್ಪು."

ತಪ್ಪನ್ನು ತಪ್ಪು ಅಂದವಳನ್ನು ಆ ಕಟ್ಟಡದಲ್ಲಿ ನಾನು ನೋಡಿದ್ದು ಅದೇ ಮೊದಲು. ತಬ್ಬಿಕೊಳ್ಳಬೇಕು ಅನ್ನಿಸಿತು, ಆದರೆ ನನ್ನ ಮೈಯೆಲ್ಲ ಮೀನಿನೆಣ್ಣೆ.

ಸಿ ಝುಹೈರ್ ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ, ಯಾವಾಗಲೂ ಹತ್ತಿರದ ದಾರಿ ಹುಡುಕುವ ಮನುಷ್ಯ. ಒಂದು ನಿಮಿಷದಲ್ಲಿ ದಾರಿ ಹುಡುಕಿಯೂ ಬಿಟ್ಟರು.

"ಸರಿ. ಬೂಶ್ತಾ, ಶೆಡ್ಡಿಂದ ಆ ಬೇರಿಂಗ್ ತಂದು ಹಾಕು. ಸೋಮವಾರದಿಂದ ಆಗಿರೋ ಮಾಲು ಹಡಗಿಗೆ ಹೋಗೋದು ಬೇಡ, ಪಕ್ಕಕ್ಕಿಡಿ." ಎಲ್ಲರ ಮುಖ ಅರಳಿತು. ಅಷ್ಟರಲ್ಲಿ ಅವರು ಮಾತು ಮುಗಿಸಿದರು. "ಹೇಗೂ ಇನ್ನೆರಡು ವಾರಕ್ಕೆ ರಂಜಾನ್. ನಿಮ್ಮ ರಂಜಾನ್ ಬುಟ್ಟಿಗೆ ಹಾಕಿಸ್ತೀನಿ. ಈ ಸಲ ಒಬ್ಬೊಬ್ಬರಿಗೆ ನಲವತ್ತು ಡಬ್ಬಿ! ಖುಷಿಯಾ?"

ಪ್ರತಿ ವರ್ಷ ನಮಗೊಂದು ಬುಟ್ಟಿ ಕೊಡುತ್ತಾರೆ, ಎಣ್ಣೆ, ಸಕ್ಕರೆ, ಖರ್ಜೂರ, ಸೊಟ್ಟಗಾದ ಒಂದಷ್ಟು ಡಬ್ಬಿ. ಸೊಟ್ಟಗಾಗಿದ್ದರೆ ಏನೂ ಆಗುವುದಿಲ್ಲ, ನಾವೂ ತಿಂದಿದ್ದೇವೆ, ಮಕ್ಕಳಿಗೂ ತಿನ್ನಿಸಿದ್ದೇವೆ. ಆದರೆ ಇದು ಬೇರೆ. ಫ್ರಾನ್ಸಿನವರ ಹೊಟ್ಟೆಗೆ ಆಗದ್ದು ನಮ್ಮ ಮಕ್ಕಳ ಹೊಟ್ಟೆಗೆ ಆಗುತ್ತದೆ ಎಂದು ಆ ಮನುಷ್ಯ ನಗುನಗುತ್ತಾ ಹೇಳುತ್ತಿದ್ದರು.  

"ಆರರಲ್ಲಿ ಐದು ಚೆನ್ನಾಗೇ ಇವೆ," ಅಂದರು ಅವರು.

"ಆರನೇದು ಯಾರ ಮನೇಗೆ ಸಿ ಝುಹೈರ್?" ಅಂತ ಕೇಳಿದೆ.

"ಅಬ್ಬಾ, ಏನಾಗಲ್ಲ ಮಾರಾಯ್ತಿ! ನಿಮ್ಮ ಹೊಟ್ಟೆಗೆ ಕಲ್ಲು ಹಾಕಿದ್ರೂ ಅರಗುತ್ತೆ."

 ನಾನು ನೇರ ಗೋದಾಮಿಗೆ ಹೋದೆ. ಸೋಮವಾರದ ತಟ್ಟೆಗಳಲ್ಲಿ ಬೆರಳಾಡಿಸಿ ತುಟಿ ಇಳಿಬಿದ್ದ ಒಂದು ಡಬ್ಬಿ ಹುಡುಕಿದೆ. ಸಿಗಲು ಹೊತ್ತಾಗಲಿಲ್ಲ. ನನ್ನ ಬುತ್ತಿಯಲ್ಲಿದ್ದ ರೊಟ್ಟಿ ತೆಗೆದೆ, ಬೆಳಿಗ್ಗೆ ನಾನೇ ಸುಟ್ಟ ದುಂಡು ರೊಟ್ಟಿ. ವಾಪಸ್ಸು ಬಂದು ಇಕ್ಕಳದಿಂದ ಡಬ್ಬಿ ಬಿಚ್ಚಿ, ಸಿ ಝುಹೈರ್ ಮುಂದಿನ ಮೇಜಿನ ಮೇಲೆ ಇಟ್ಟೆ. ರೊಟ್ಟಿ ಮುರಿದು ಪಕ್ಕದಲ್ಲಿಟ್ಟೆ. ಮೀನು ಬೆಳ್ಳಗೆ ಮಿಂಚುತ್ತಿತ್ತು, ವಾಸನೆಯೂ ಏನೂ ಇರಲಿಲ್ಲ.

"ಬಿಸ್ಮಿಲ್ಲಾ," ಅಂದೆ. "ತಗೊಳಿ ಸಿ ಝುಹೈರ್."

ನಮ್ಮಲ್ಲಿ ಮುರಿದಿಟ್ಟ ರೊಟ್ಟಿಯನ್ನು ಯಾರೂ ಬೇಡ ಅನ್ನುವುದಿಲ್ಲ. ಹೊಟ್ಟೆ ತುಂಬಿದ್ದರೂ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಬೇಡ ಅಂದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಮೀನಿನ ಮೇಜುಗಳ ನಲವತ್ತು ಹೆಂಗಸರೂ ಕೈಯ ಚಾಕು ಕೆಳಗಿಟ್ಟು ಹತ್ತಿರ ಬಂದರು.

ಸಿ ಝುಹೈರ್ ಡಬ್ಬಿ ನೋಡಿದರು. ರೊಟ್ಟಿ ನೋಡಿದರು. "ನಾನು..." ಅಂದರು. "ನನಗೆ ಇವತ್ತು ಉಪವಾಸ. ಗುರುವಾರ ಅಲ್ವಾ." ರಂಜಾನ್ ಅಲ್ಲದಿದ್ದರೂ ನಮ್ಮಲ್ಲಿ ಕೆಲವರು ಗುರುವಾರ ಉಪವಾಸ ಇರುವುದುಂಟು.

ಮೀನಿನ ಮೇಜಿನ ಹಿರಿಯಳು ಗನ್ನೂ ಮುಂದೆ ಬಂದಳು. ಅರವತ್ತು ದಾಟಿದೆ, ಮೈ ಬಾಗಿದೆ, ನಾಲಿಗೆ ಮಾತ್ರ ಬಾಗಿಲ್ಲ. ಹೋದ ವರ್ಷ ಕಾಯಿಲೆಯಲ್ಲಿ ತಪ್ಪಿದ ದಿನಗಳನ್ನು ಈ ರಂಜಾನ್ ಬರುವುದರೊಳಗೆ ತೀರಿಸಬೇಕೆಂದು ಆ ವಾರವೆಲ್ಲ ಉಪವಾಸವಿದ್ದವಳು ಅವಳು.

"ಉಪವಾಸ ನಂದು ಮಗಾ," ಅಂದಳು. "ನಿನ್ನ ಮೀಸೆಗೆ ಕಾಫಿ ನೊರೆ ಅಂಟಿದೆ."

ಯಾರೋ ಕಿಸಕ್ಕೆಂದರು. ಆಮೇಲೆ ನಲವತ್ತು ಜನರೂ ನಕ್ಕರು. ಸಿ ಝುಹೈರ್ ಮೀಸೆ ಒರೆಸಿಕೊಂಡರು, ಒರೆಸಿಕೊಂಡಿದ್ದೇ ತಪ್ಪಾಯಿತು. ನಗು ಇನ್ನೂ ಜೋರಾಯಿತು. ಬೂಶ್ತಾ ಕೂಡ ಯಂತ್ರದ ಹಿಂದೆ ಬಗ್ಗಿ ಬಾಯಿಗೆ ಎಣ್ಣೆಬಟ್ಟೆ ಒತ್ತಿಕೊಂಡಿದ್ದ.

ನಾನು ನಗಲಿಲ್ಲ. ಯಂತ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ.

"ಉಪವಾಸ ಇದ್ರೆ ಪರವಾಗಿಲ್ಲ," ಅಂದೆ. "ಮಗ್ರಿಬ್ ಬಾಂಗ್ ಆಗೋವರೆಗೂ ಕಾಯ್ತೀವಿ. ಸೂರ್ಯ ಮುಳುಗಿದ ಮೇಲೆ ಇದೇ ಡಬ್ಬಿಯಿಂದ ನೀವು ಉಪವಾಸ ಬಿಡಿ. ನೀವು ತಿಂದ್ರೆ ಆಯ್ತು, ನಲವತ್ತಲ್ಲ, ಎಂಬತ್ತು ಡಬ್ಬಿ ನಾನು ಮನೆಗೆ ಹೊತ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಈ ಗುಂಡಿ ಯಾರೂ ಒತ್ತೋದಿಲ್ಲ."

ಗನ್ನೂ ಮಂಡಿ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕೂತಳು. ಅವಳ ಪಕ್ಕ ಇನ್ನೊಬ್ಬಳು. ನೋಡನೋಡುತ್ತಿದ್ದ ಹಾಗೆ ಒದ್ದೆ ನೆಲದ ತುಂಬ ಬಿಳಿ ಏಪ್ರನ್ನು. ಇಬ್ತಿಸಾಮ್ ಒಂದು ಗಳಿಗೆ ಹಿಂದೆಮುಂದೆ ನೋಡಿ, ಹೊಸ ಬಿಳಿ ಕೋಟಿನಲ್ಲೇ ಕೂತುಬಿಟ್ಟಳು. ಹೊರಗೆ ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು. ಬಾಗಿಲ ಕೆಳಗಿಂದ ಐಸಿನ ನೀರು ಒಳಗೆ ಹರಿದು ಬರತೊಡಗಿತು.

ಸಿ ಝುಹೈರ್ ಬೈದರು. ಪೊಲೀಸರನ್ನು ಕರೆಯುತ್ತೇನೆ ಅಂದರು. ಫೋನು ಕೈಗೆತ್ತಿಕೊಂಡರು, ಪೊಲೀಸರಿಗೆ ಏನಂತ ಹೇಳುವುದು ಎಂದು ತೋಚಲಿಲ್ಲವೋ ಏನೋ, ಜೇಬಿಗೆ ಹಾಕಿಕೊಂಡರು. ಒಂದು ಗಂಟೆ ಕಳೆಯಿತು. ಮಧ್ಯಾಹ್ನದ ಬಾಂಗ್ ಆಯಿತು. ಮೇಜಿನ ಮೇಲೆ ಡಬ್ಬಿಗೆ ನೊಣ ಮುತ್ತುತ್ತಿತ್ತು, ಅವರೇ ನಿಂತು ಕೈಬೀಸಿ ಓಡಿಸುತ್ತಿದ್ದರು, ಯಾಕೆಂದು ಅವರಿಗೇ ಗೊತ್ತಿತ್ತೋ ಇಲ್ಲವೋ.

ಕೊನೆಗೆ ಇಬ್ತಿಸಾಮ್ ಕೈಯಿಂದ ಪುಸ್ತಕ ಕಿತ್ತುಕೊಂಡು ಬರೆದರು. ಸೋಮವಾರದಿಂದ ಆದ ಮಾಲೆಲ್ಲ ಗೊಬ್ಬರಕ್ಕೆ ಮೀನಿನ ಹಿಟ್ಟು ಮಾಡುವ ಗಿರಣಿಗೆ. ಅವಳು ಗಟ್ಟಿಯಾಗಿ ಓದಿದಳು. "ಡಬ್ಬಿಗಳಿಗೆ ಮೊಳೆ ಹೊಡೆದು ತೂತು ಮಾಡಿ ಕಳಿಸೋದು ಅಂತಲೂ ಬರೀರಿ," ಅಂದೆ, "ದಾರೀಲಿ ಯಾರೂ ಮಾರ್ಕೋಬಾರ್ದು." ಹಲ್ಲು ಕಚ್ಚಿ ಅದನ್ನೂ ಬರೆದರು. ಸಹಿ ಹಾಕಿದರು.

ನಾವು ಏಳುತ್ತಿದ್ದೆವು. ಆಗ ಅವರು ನನ್ನತ್ತ ಬೆರಳು ತೋರಿಸಿದರು.

"ಇವಳು ಮಾತ್ರ ನಾಳೆಯಿಂದ ಮೀನಿನ್ ಮೇಜಿಗೆ. ಯಂತ್ರಕ್ಕೆ ನನ್ನ ಭಾವಮೈದ ಬರ್ತಾನೆ."

ಅರ್ಧ ಎದ್ದಿದ್ದ ಗನ್ನೂ ಮತ್ತೆ ಕೂತಳು. ಎಲ್ಲರೂ ಕೂತರು. ಹೊರಗೆ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಗನ್ನೂ ಕೈ ಚಾಚಿ ಮೇಜಿನ ಮೇಲಿದ್ದ ಡಬ್ಬಿಯನ್ನು ಅವರ ಕಡೆಗೆ ಒಂದು ಗೇಣು ಸರಿಸಿದಳು.

"ನಿನ್ನ ಉಪವಾಸ ಇನ್ನೂ ಮುಗಿದಿಲ್ಲ ಮಗಾ," ಅಂದಳು. "ಮಗ್ರಿಬ್‌ಗೆ ಇನ್ನೂ ಐದು ಗಂಟೆ ಇದೆ. ನಮಗೇನೂ ಅವಸರ ಇಲ್ಲ."

ಸಿ ಝುಹೈರ್ ಬಾಗಿಲ ಕಡೆ ನೋಡಿದರು. ಐಸಿನ ನೀರು ಅವರ ಬೂಟಿನವರೆಗೂ ಬಂದಿತ್ತು.

"ಹಾಳಾಗ್ ಹೋಗು," ಅಂದರು. "ನಿನ್ನ ಯಂತ್ರ ನೀನೇ ನೋಡ್ಕೋ."

ಎಂಟು ವರ್ಷದಲ್ಲಿ ಆ ಯಂತ್ರವನ್ನು ಯಾರೂ ನನ್ನದು ಅಂದಿರಲಿಲ್ಲ.  ಅಲ್ಲಿಗೇ ಬಿಡಲಿಲ್ಲ ನಾನು.

"ಏನಂದ್ರಿ ಸಿ ಝುಹೈರ್? ಲಾರಿ ಹಾರ್ನ್‌ನಲ್ಲಿ ಕೇಳಿಸ್ಲಿಲ್ಲ."

"ನಿನ್ನ ಯಂತ್ರ!" ಅಂತ ಅವರು ಕಿರುಚಿದರು, ನಲವತ್ತು ಹೆಂಗಸರಿಗೂ ಕೇಳಿಸುವ ಹಾಗೆ.

"ಅದನ್ನೂ ಪುಸ್ತಕದಲ್ಲಿ ಬರೀರಿ," ಅಂದೆ.