ಹುಣಸೆಮರದ ಕೆಳಗೆ ನಿಂತವರು

ಬ್ಯಾರಿಸ್ಟರ್ ಅಬ್ದುಲ್ ವಹೀದ್ ಸಾಹೇಬರಿಗೆ ಬೀಡಿ, ಇಸ್ಪೀಟು, ಸಿನಿಮಾ ಯಾವ ಚಟವೂ ಇರಲಿಲ್ಲ. ಪ್ರಶ್ನೆ ಕೇಳುವುದೊಂದೇ ಅವರ ಚಟ. ಟಾಂಗಾದಲ್ಲಿ ಕುಳಿತರೆ ಕುದುರೆಗೆ ಕಣ್ಣಪಟ್ಟಿ ಯಾಕೆ ಕಟ್ಟಿದ್ದೀ ಎಂದು ಕೇಳುವರು. ತೀನ್ ಕಂದೀಲ್ ಚೌಕದ ಹತ್ತಿರ ಮಿರ್ಚಿ ತಿನ್ನಲು ನಿಂತರೆ ಎಣ್ಣೆ ಕಾದದ್ದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವರು. ಮಿರ್ಚಿಯವನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ನನ್ನ ಪಾಲಿನ ಮಿರ್ಚಿ ತಣ್ಣಗಾಗಿರುತ್ತಿತ್ತು.

ನಾನು ಈರಯ್ಯ, ಅವರ ಗುಮಾಸ್ತ. ಲಂಡನ್ನಿನಲ್ಲಿ ಓದಿ ಬಂದ ಮನುಷ್ಯ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕಾರಿನಲ್ಲಿ ಓಡಾಡುವುದು ಬಿಟ್ಟು, ರಾಯಚೂರಿನ ಸ್ಟೇಷನ್ ರಸ್ತೆಯ ಹಳೇ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಬಡವರ ಪರವಾಗಿ ಸರಕಾರದ ಮೇಲೆ ರಿಟ್ ಹಾಕುತ್ತಾನೆಂದರೆ, ಅವನ ತಲೆ ನೆಟ್ಟಗಿರಲಿಕ್ಕಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ರಿಟ್ ಎಂದರೆ, ಸರಕಾರ ತನ್ನ ಕಾಯ್ದೆಯನ್ನು ತಾನೇ ಮೀರಿದೆ, ಕರೆದು ಕೇಳಿರಿ ಎಂದು ಹೈಕೋರ್ಟಿಗೆ ಕೊಡುವ ಅರ್ಜಿ. ಅದರಲ್ಲಿ ಗೆದ್ದರೂ ಗುಮಾಸ್ತನಿಗೆ ಒಂದು ಕಪ್ ಚಹಾ ಕೂಡ ಗಿಟ್ಟುವುದಿಲ್ಲ. ಆದರೂ ನಾನು ಅವರನ್ನು ಬಿಟ್ಟು ಹೋಗಲಿಲ್ಲ. ಈ ಮನುಷ್ಯ ನಾಳೆ ಯಾರಿಗೆ ಏನು ಕೇಳುತ್ತಾನೋ ನೋಡೋಣ ಎಂಬ ಆಸೆ ನನಗೂ ಹತ್ತಿಬಿಟ್ಟಿತ್ತು.

ಎಂಬತ್ಮೂರರ ಬೇಸಿಗೆಯಲ್ಲಿ ಯಮನಮ್ಮ ಬಂದಳು. ಊರು ಕರೇಬಾವಿ, ದೇವದುರ್ಗ ತಾಲ್ಲೂಕಿನಲ್ಲಿ ಗಬ್ಬೂರು ದಾಟಿದರೆ ಸಿಗುತ್ತದೆ. ಜೊತೆಯಲ್ಲಿ ಮೈದುನ ತಾಯಣ್ಣ ಇದ್ದ. ಇಬ್ಬರೂ ಹೊಸ್ತಿಲ ಹೊರಗೇ ಕುಳಿತರು. ಸಾಹೇಬರು ಒಳಗೆ ಬರ್ರಿ ಎಂದು ಎಷ್ಟು ಹೇಳಿದರೂ ಏಳಲಿಲ್ಲ. ಕೊನೆಗೆ ಅವರೇ ಕುರ್ಚಿ ಎತ್ತಿಕೊಂಡು ಹೊಸ್ತಿಲಿಗೆ ಹೋದರು.

ಅವಳು ತಂದಿದ್ದ ಹಾಳೆಯನ್ನು ನಾನು ಓದಿದೆ. ಕರೇಬಾವಿಯ ಕೇರಿ ಸರಕಾರಿ ಜಾಗದಲ್ಲಿದೆ, ಆ ಜಾಗ ಸಂತೆಯ ಮೈದಾನಕ್ಕೆ ಬೇಕಾಗಿದೆ, ನಿವಾಸಿಗಳ ಅಹವಾಲು ಕೇಳಲು ಚಾವಡಿಯಲ್ಲಿ ವಿಚಾರಣೆ ಇಟ್ಟು ಹೆಸರು ಹಿಡಿದು ಕರೆಸಿದರೂ ಯಾರೂ ಹಾಜರಾಗಲಿಲ್ಲ, ಆದ್ದರಿಂದ ಆಕ್ಷೇಪಣೆ ಇಲ್ಲವೆಂದು ತಿಳಿದು ಮಳೆಗಾಲದೊಳಗೆ ಗುಡಿಸಲುಗಳನ್ನು ತೆಗೆಸಲಾಗುವುದು ಎಂದಿತ್ತು.

ನನಗೆ ಸಿಟ್ಟು ಬಂತು. ಕರೆದಾಗ ಹೋಗದೆ ಮನೆ ಕೈಬಿಟ್ಟು ಹೋಗುವ ಹೊತ್ತಿಗೆ ವಕೀಲರ ಬಾಗಿಲಿಗೆ ಬಂದರೆ ಏನು ಮಾಡುವುದು ಎಂದು ಬೈದೆ. ಯಮನಮ್ಮ ನನ್ನನ್ನೇ ನೋಡಿದಳು.

"ಹೋಗಿದ್ವಿ ರೀ ಅಯ್ಯನವ್ರ," ಎಂದಳು. "ಕೂಲಿ ಬಿಟ್ಟು ಇಡೀ ಕೇರಿ ಹೋಗಿತ್ತು."

ಸಾಹೇಬರ ಕಣ್ಣು ಹೊಳೆಯಿತು. ನನಗೆ ಆ ಹೊಳಪಿನ ಪರಿಚಯವಿತ್ತು, ಇನ್ನು ಮಧ್ಯಾಹ್ನದ ಊಟಕ್ಕೆ ಎಳ್ಳು ನೀರು ಬಿಟ್ಟ ಹಾಗೆಯೇ ಎಂದುಕೊಂಡೆ. ಹೆಸರು ಕರೆದದ್ದು ಕೇಳಿಸಿತೇ ಎಂದು ಸಾಹೇಬರು ಕೇಳಿದರು. ಕೇಳಿಸಿತು ಎಂದಳು. ಹಾಗಾದರೆ ಯಾಕೆ ಹೋಗಲಿಲ್ಲ ಎಂದರು. ಹೋಗಿದ್ದೆವಲ್ಲ, ಅಲ್ಲೇ ನಿಂತಿದ್ದೆವಲ್ಲ ಎಂದಳು. ಹೀಗೆ ಎತ್ತು ಗಾಣ ಸುತ್ತಿದ ಹಾಗೆ ಇಬ್ಬರೂ ಸುತ್ತಿದರು. ಸಾಹೇಬರಿಗೆ ಬೇಸರವಾಗಲಿಲ್ಲ. ಯಮನಮ್ಮನಿಗೂ ಆಗಲಿಲ್ಲ.

"ಅಲ್ಲೇ ಅಂದ್ರ ಎಲ್ಲಿ?" ಎಂದು ಕೊನೆಗೆ ಕೇಳಿದರು.

"ನಾವು ನಿಲ್ಲೂ ಜಾಗದಾಗ ರೀ. ಹುಣಸಿಮರದ ಕೆಳಗ."

ನನಗೆ ಆಗ ಅರ್ಥವಾಯಿತು. ನಾನು ಹಳ್ಳಿಯವನು. ಸಾಹೇಬರು ಪೇಟೆಯಲ್ಲಿ ಬೆಳೆದವರು, ಅವರಿಗೆ ಬಿಡಿಸಿ ಹೇಳಬೇಕಾಯಿತು. ಕರೇಬಾವಿಯ ಕೇರಿಯವರು ಚಾವಡಿಯ ಕಟ್ಟೆ ಹತ್ತುವುದಿಲ್ಲ. ಎದುರಿನ ಹುಣಸೆಮರದ ಹತ್ತಿರ ನಿಲ್ಲುತ್ತಾರೆ. ಅಲ್ಲಿಂದ ಕೂಗುವುದೂ ಇಲ್ಲ, ದೊಡ್ಡವರ ಮುಂದೆ ಕೂಗುವುದು ಸೊಕ್ಕು ಎನ್ನುತ್ತಾರೆ. ಮೇಲಿನವರಿಗೆ ಏನಾದರೂ ಕೇಳುವುದಿದ್ದರೆ ತಳವಾರ ಇಳಿದು ಬಂದು ಕೇಳುತ್ತಾನೆ, ಉತ್ತರವನ್ನು ಮೇಲೆ ಒಯ್ದು ಹೇಳುತ್ತಾನೆ. ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಬಂದದ್ದು ಹೀಗೆ. ವಿಚಾರಣೆಯ ದಿನ ತಳವಾರ ಕವಿತಾಳಕ್ಕೆ ಮದುವೆಗೆ ಹೋಗಿದ್ದ. ಅಧಿಕಾರಿಯ ಜವಾನ ಚಾವಡಿಯ ಬಾಗಿಲಲ್ಲಿ ನಿಂತು ಹೆಸರು ಕೂಗಿದ. ಇವರು ತಳವಾರನ ದಾರಿ ಕಾಯುತ್ತಾ ಕೈಕಟ್ಟಿ ನಿಂತರು. ಅಧಿಕಾರಿ ಕಾಗದ ಮಡಚಿಕೊಂಡು ಜೀಪು ಹತ್ತಿದರು.

ಅವರಿಬ್ಬರು ಹೋದ ಮೇಲೆ ಸಾಹೇಬರು ಕುರ್ಚಿಯನ್ನು ಒಳಗೆ ತಂದಿಟ್ಟರು. ಆಮೇಲೆ, ಆ ಅಧಿಕಾರಿ ಸುಳ್ಳು ಬರೆದಿದ್ದಾನೆ ಅಂತೀಯೇನು ಈರಯ್ಯ ಎಂದು ಕೇಳಿದರು. ಮತ್ತಿನ್ನೇನು ಎಂದೆ. ನನಗೆ ಹಾಗೆ ಅನಿಸುವುದಿಲ್ಲ, ಅಷ್ಟು ಜನ ಅವನ ಕಣ್ಣಿಗೆ ಏನಾಗಿ ಕಂಡರು ಎಂಬುದನ್ನು ಅವನನ್ನೇ ಕೇಳಬೇಕು ಎಂದರು. ಎದುರಾಳಿಯ ಮನೆಗೆ ಚಹಾ ಕುಡಿಯಲು ಹೊರಟ ವಕೀಲನನ್ನು ನಾನು ಅದೇ ಮೊದಲು ನೋಡಿದ್ದು.

ಜಾಗ ತೆರವು ಮಾಡಿಸಲೆಂದೇ ನೇಮಕವಾಗಿದ್ದ ಆ ಅಧಿಕಾರಿ ಕರಾವಳಿಯ ಕಡೆಯವರು. ಇಲ್ಲಿಗೆ ಬಂದು ಇನ್ನೂ ಬಿಸಿಲಿಗೆ ಹೊಂದಿಕೊಂಡಿರಲಿಲ್ಲ. ಮರ್ಯಾದಸ್ಥರು. ನಾನು ಗಂಟೆಗಟ್ಟಲೆ ಕಾದೆ, ಒಂದು ನರಪಿಳ್ಳೆಯೂ ಬರಲಿಲ್ಲ ಎಂದು ನೊಂದುಕೊಂಡೇ ಹೇಳಿದರು. ಸಾಹೇಬರು ಸುತ್ತಮುತ್ತ ಯಾರೂ ಇರಲಿಲ್ಲವೇ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದರು.

"ಇದ್ದರು, ಆದರೆ ಇವರಲ್ಲ," ಎಂದರು ಅಧಿಕಾರಿ. "ಎದುರಿಗೆ ಮರದ ಕೆಳಗೆ ಬಸ್ಸಿಗೆ ಕಾಯುವ ಜನ ನಿಂತಿದ್ದರು, ಅಷ್ಟೇ."

ಸಾಹೇಬರು ಚಹಾದ ಬಸಿಯನ್ನು ಕೆಳಗಿಟ್ಟರು. ಬಸ್ಸು ಬಂತೇ ಎಂದು ಕೇಳಿದರು. ಬಂತು ಎಂದರು ಅವರು. ಆ ಜನ ಹತ್ತಿದರೇ ಎಂದು ಕೇಳಿದರು. ಇಲ್ಲ ಎಂದರು ಅಧಿಕಾರಿ. ಅವರ ಮುಖ ಬಿಳಿಚಿಕೊಂಡಿತು. ಆ ಕ್ಷಣ ಅವರನ್ನು ಕಂಡು ನನಗೆ ಅಯ್ಯೋ ಅನ್ನಿಸಿದ್ದು ನಿಜ. ಆದರೆ ಆದೇಶಕ್ಕೆ ಸಹಿ ಬಿದ್ದಾಗಿತ್ತು. ಅದನ್ನು ತಿರುಗಿಸುವ ಅಧಿಕಾರ ನನಗಿಲ್ಲ, ನೀವು ಹೈಕೋರ್ಟಿಗೇ ಹೋಗಿ ಎಂದರು.

ಆ ಬಸ್ಸಿನ ಕಂಡಕ್ಟರು ಯಂಕಣ್ಣನನ್ನು ಹುಡುಕುವುದು ಕಷ್ಟವಾಗಲಿಲ್ಲ. ದೇವದುರ್ಗದಿಂದ ರಾಯಚೂರಿಗೆ ದಿನಾ ಬರುವವನೇ. ಅವನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಅಷ್ಟು ಮಂದಿ ಕಂಡು ಬಸ್ಸು ನಿಲ್ಲಿಸಿ, ಬಾಗಿಲು ತೆಗೆದು, ಹತ್ತಿರಿ ಎಂದರೆ ಒಬ್ಬರೂ ಹತ್ತಲಿಲ್ಲವಂತೆ. ಬಾಯಿಗೆ ಬಂದ ಹಾಗೆ ಬೈದು ಸೀಟಿ ಊದಿದೆ ಎಂದ. ಆ ಬೈಗುಳವನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನಾನು ಪ್ರಮಾಣಪತ್ರವಾಗಿ ಬರೆದು ಅವನ ಸಹಿ ಹಾಕಿಸಿದೆ.

ಬೆಂಗಳೂರಿನ ಹೈಕೋರ್ಟಿನಲ್ಲಿ ನಡೆದದ್ದು ಇಂಗ್ಲಿಷಿನಲ್ಲಿ. ನನಗೆ ಅರ್ಧ ತಿಳಿಯಿತು, ಅರ್ಧವನ್ನು ಸಾಹೇಬರು ಗುಂತಕಲ್ಲಿನಲ್ಲಿ ರೈಲಿಗೆ ಕಾಯುತ್ತಾ ತಿಳಿಸಿ ಹೇಳಿದರು. ಒಬ್ಬರ ಮನೆ ಕಿತ್ತುಕೊಳ್ಳುವ ಮೊದಲು ಅವರ ಮಾತು ಕೇಳಬೇಕು, ಇದು ಸರಕಾರ ಮಾಡುವ ಉಪಕಾರವಲ್ಲ, ಅದರ ಕರ್ತವ್ಯ. ಮಾತಾಡುವವರು ಬರಲಾಗದ ಜಾಗದಲ್ಲಿ ಕುಳಿತು ಯಾರೂ ಬರಲಿಲ್ಲ ಎಂದು ಬರೆದರೆ ಕೇಳಿದ ಹಾಗಾಗುವುದಿಲ್ಲ. ಇಷ್ಟೇ ಅವರ ವಾದ. ನ್ಯಾಯಮೂರ್ತಿಗಳು ಕಂಡಕ್ಟರನ ಪ್ರಮಾಣಪತ್ರವನ್ನು ಎರಡು ಸಲ ಓದಿಸಿಕೊಂಡರಂತೆ. ಹಳೆಯ ಆದೇಶ ರದ್ದಾಯಿತು. ಮಾನ್ವಿಯಿಂದ ಬೇರೊಬ್ಬ ಅಧಿಕಾರಿ ಬಂದು ಹೊಸದಾಗಿ ವಿಚಾರಣೆ ನಡೆಸಬೇಕು, ಅದೂ ಕೇರಿಯಲ್ಲಿ, ಇಲ್ಲವೇ ನಿವಾಸಿಗಳು ಒಪ್ಪುವ ಜಾಗದಲ್ಲಿ ಎಂದಾಯಿತು. ಕೇರಿಯಲ್ಲೇ ಆಗಲಿ ಎಂದು ಬೇಡಿದವರು ಸಾಹೇಬರು. ರೈಲಿನಲ್ಲಿ ಅವರು ಖುಷಿಯಿಂದ ಎದುರಿಗೆ ಕುಳಿತವನ ಕೊಡಲಿಯ ಕಾವು ಯಾವ ಮರದ್ದು ಎಂದು ವಿಚಾರಿಸುತ್ತಿದ್ದರು.

ಮಾನ್ವಿಯ ಅಧಿಕಾರಿ ಹಂಪಯ್ಯನವರು ಇಬ್ಬರು ಪೊಲೀಸರೊಂದಿಗೆ ಹೇಳಿದ ದಿನಕ್ಕೇ ಬಂದರು. ಕೇರಿಯ ಬೇವಿನ ಮರದ ನೆರಳಿಗೆ ಸಗಣಿ ಸಾರಿಸಿ ಕುರ್ಚಿ ಮೇಜು ಇಟ್ಟಿದ್ದರು. ಊರಿನ ಹಿರಿಯ ಶರಣಯ್ಯನವರು ಚಾವಡಿಯಲ್ಲೇ ಕುಳಿತಿದ್ದರು. ಅಧಿಕಾರಿಯನ್ನು ಕೇರಿಗೆ ಕರೆಸಿದ್ದು ಅವರಿಗೆ ಸರಿ ಬಂದಿರಲಿಲ್ಲ. ಹಂಪಯ್ಯನವರು ಪೆನ್ನು ತೆಗೆದು ಮೊದಲು ಯಮನಮ್ಮನನ್ನು ಕರೆದರು. ಅವಳು ಬಂದು ನಿಂತಳು. ಆದರೆ ಇಲ್ಲಿ ನಾನು ಏನೂ ಹೇಳುವುದಿಲ್ಲ ಎಂದಳು.

ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡುತ್ತಿದ್ದಾಳಲ್ಲ ಈ ಮುದುಕಿ ಎಂದು ಹಲ್ಲು ಕಡಿದೆ. ಈ ಸಲವೂ ಮಾತಾಡಲಿಲ್ಲ ಎಂದು ಬರೆದುಕೊಂಡರೆ ಮತ್ತೆ ಯಾವ ಕೋರ್ಟೂ ಕೇಳುವುದಿಲ್ಲ, ಮಳೆಗಾಲಕ್ಕೆ ಮೊದಲು ಕೇರಿ ನೆಲಸಮ. ತಾಯಣ್ಣನಿಗೆ ಅವಳ ಮನಸ್ಸಿನಲ್ಲಿರುವುದು ಗೊತ್ತಿತ್ತು, ಅವಳ ಕಾಲು ಹಿಡಿಯುವುದೊಂದು ಬಾಕಿ. ಚಾವಡಿಯ ಕಟ್ಟೆ ಹತ್ತಿದರೆ ನಾಳೆಯಿಂದ ಯಾರ ಹೊಲದಲ್ಲೂ ಕೂಲಿ ಸಿಗುವುದಿಲ್ಲ, ಮನೆ ಉಳಿದು ಒಲೆ ಆರಿದರೆ ಏನು ಫಲ ಎಂದು ಬೇಡಿಕೊಂಡ. ಅವಳು ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸಾಹೇಬರ ಕಡೆ ತಿರುಗಿದಳು.

"ಸಾಹೇಬ್ರ, ನೀವು ನಮ್ಮ ಸಲುವಾಗಿ ಭಾಳ ತಿರಗಾಡೀರಿ. ಎಲ್ಲಾರ್ನೂ ಎಲ್ಲಾ ಕೇಳೀರಿ. ಎಲ್ಲಿ ಮಾತಾಡ್ತೀರಿ ಅಂತ ನಮ್ಮನ್ನ ಮಾತ್ರ ಕೇಳಲಿಲ್ಲ. ಸೂಜಿ ಚುಚ್ಚೋರು ಕೇರಿಗಿ ಬರ್ತಾರ, ಓಟು ಕೇಳೋರು ಬರ್ತಾರ, ಇವತ್ತ ಇವ್ರು ಬಂದಾರ. ಬಂದು ಹೋದ ಮ್ಯಾಲ ನಾವು ಮತ್ತ ಆ ಮರದ ಕೆಳಗ ನಿಲ್ಲಬೇಕು. ಹೆಸರು ಕೂಗಿದ್ದು ಚಾವಡ್ಯಾಗ. ನಾ ಅಲ್ಲೇ ಹೇಳ್ತೀನಿ."

ನಿನ್ನ ಮಾತು ಖರೇ ಅದ ಯವ್ವಾ, ಕೇಳಬೇಕಿತ್ತು ಎಂದರು ಸಾಹೇಬರು. ಹಂಪಯ್ಯನವರು ಹೈಕೋರ್ಟಿನ ಹಾಳೆ ತೆಗೆದು ಇನ್ನೊಮ್ಮೆ ಓದಿದರು. ನಿವಾಸಿಗಳು ಒಪ್ಪುವ ಜಾಗ ಎಂದಿದೆ, ಇವರು ಒಪ್ಪುವುದು ಅದಾದರೆ ಅದೇ ಎಂದು ಕಾಗದ ಪತ್ರ ಜೋಡಿಸಿಕೊಂಡು ಎದ್ದರು. ಪೊಲೀಸರಿಬ್ಬರು ಮುಂದೆ, ಅಧಿಕಾರಿ ಹಿಂದೆ, ಅವರ ಹಿಂದೆ ಸಾಹೇಬರು, ನಾನು, ಯಮನಮ್ಮ, ಅವಳ ಹಿಂದೆ ಇಡೀ ಕೇರಿ.

ಹುಣಸೆಮರದ ಹತ್ತಿರ ಬಂದಾಗ ಕೇರಿಯ ಜನ ನಿಂತುಬಿಟ್ಟರು. ಯಾರೂ ನಿಲ್ಲಿ ಅನ್ನಲಿಲ್ಲ, ಕಾಲು ತಾವಾಗಿಯೇ ನಿಂತವು. ಯಮನಮ್ಮನೂ ನಿಂತಳು. ಕಟ್ಟೆಯ ಮೇಲೆ ಶರಣಯ್ಯನವರು ಮತ್ತು ಊರವರು ಕುಳಿತು ನೋಡುತ್ತಿದ್ದರು. ಹಂಪಯ್ಯನವರು ಮೇಲೆ ಹೋಗಿ ಕುಳಿತು ಅವಳ ಹೆಸರು ಕರೆದರು. ಅವಳು ಸೆರಗು ಬಿಗಿದುಕೊಂಡು ನಡೆದಳು. ಮೆಟ್ಟಿಲಿಗೆ ಕೈ ಊರಿ, ಮಗು ಹತ್ತುವ ಹಾಗೆ ಹತ್ತಿದಳು. ಕಟ್ಟೆಯ ಮೇಲಿನವರಲ್ಲಿ ಇಬ್ಬರು ಎದ್ದು ಹೋದರು. ಶರಣಯ್ಯನವರು ಏಳಲಿಲ್ಲ.

ಕೇರಿಯ ಜಾಗದಲ್ಲಿ ಯಾವಾಗಿನಿಂದ ಇದ್ದೀರಿ ಎಂದು ಹಂಪಯ್ಯನವರು ಕೇಳಿದರು. ಅವಳಿಗೆ ಇಸವಿ ಗೊತ್ತಿರಲಿಲ್ಲ. ರಜಾಕಾರರ ಗದ್ದಲದಲ್ಲಿ ಊರಿನವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊಳೆಯಾಚೆ ಹೋದಾಗ ಕೇರಿಯವರು ಎಲ್ಲಿಗೂ ಹೋಗಲಿಲ್ಲ, ಊರಿನ ದನಕ್ಕೆ ನೀರು ಹಾಕಿಕೊಂಡು ಅಲ್ಲೇ ಇದ್ದೆವು, ನಾನು ಆಗ ಹೊಸ ಮದುವಣಗಿತ್ತಿ ಎಂದಳು. ಸುಳ್ಳೆನಿಸಿದರೆ ಇವರನ್ನೇ ಕೇಳಿರಿ ಎಂದು ಶರಣಯ್ಯನವರ ಕಡೆ ಕೈ ಮಾಡಿದಳು.

ಎಲ್ಲರೂ ಶರಣಯ್ಯನವರನ್ನು ನೋಡಿದರು. ಇಲ್ಲ ಎಂದರೆ ಸಾಕಿತ್ತು, ಕೇರಿ ನಿನ್ನೆ ಮೊನ್ನೆ ಬಂದು ಸೇರಿಕೊಂಡದ್ದೆಂದು ಆಗಿಬಿಡುತ್ತಿತ್ತು. ಅವರು ಗಡ್ಡ ನೀವಿಕೊಂಡರು.

"ಖರೇ ಅದ," ಎಂದರು. "ನಾವು ತಿರಗಿ ಬಂದಾಗ ಎತ್ತು ಬದುಕಿದ್ವು."

ಹಂಪಯ್ಯನವರು ಬರೆದುಕೊಂಡರು. ಬರೆದು ಮುಗಿಸಿ, ಮೂವತ್ತೈದು ವರ್ಷದಷ್ಟು ಹಳೆಯ ವಾಸ್ತವ್ಯವನ್ನು ಕಾಯ್ದೆ ಸುಮ್ಮನೆ ಕಿತ್ತುಹಾಕಲು ಬಿಡುವುದಿಲ್ಲ, ಸಂತೆಗೆ ಬೇರೆ ಜಾಗ ನೋಡಲಿ, ಕೇರಿ ಇದ್ದಲ್ಲೇ ಇರಲಿ ಎಂದು ಆದೇಶ ಮಾಡುತ್ತೇನೆ ಎಂದರು. ಸಾಹೇಬರು ನನ್ನ ಭುಜ ಗಟ್ಟಿಯಾಗಿ ಹಿಡಿದರು. ಇನ್ನು ನೀನು ಹೋಗಬಹುದು ತಾಯಿ ಎಂದು ಅಧಿಕಾರಿ ಯಮನಮ್ಮನಿಗೆ ಹೇಳಿದರು.

ಅವಳು ಹೋಗಲಿಲ್ಲ. ಕಟ್ಟೆಯ ಅಂಚಿಗೆ ಬಂದು ನಿಂತು ಮರದ ಕಡೆ ನೋಡುತ್ತಿದ್ದಳು. ತಾಯಣ್ಣ, ಅವನ ಹೆಂಡತಿ ಗೋಪಮ್ಮ, ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸರು, ಎಲ್ಲರೂ ಏನಾಯಿತೋ ಎಂದು ಬಾಯಿ ಮೇಲೆ ಕೈಯಿಟ್ಟು ನಿಂತಿದ್ದರು. ಅವಳು ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ಶರಣಯ್ಯನವರ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಆಸೆಯಷ್ಟೇ ಇತ್ತು.

"ಯಪ್ಪಾ, ಇಲ್ಲಿಂದ ಮುಖಾ ಸುದ್ದಾ ಕಾಣತಾವಲ್ಲ. ಮ್ಯಾಲ ಕುಂತೋರಿಗೆ ನಾವು ಕಾಣಂಗಿಲ್ಲ ಅಂತ ನಾ ಇಲ್ಲೀತನಕ ತಿಳಕೊಂಡಿದ್ದೆ."

ಶರಣಯ್ಯನವರು ನೆಲ ನೋಡಿದರು. ಆಮೇಲೆ ತಲೆ ಎತ್ತಿ ಮರದ ಕೆಳಗಿನವರನ್ನು ನೋಡಿದರು.

"ಕಾಣತಾವವ್ವಾ," ಎಂದರು. "ಮೊದಲಿಂದಾನೂ ಕಾಣತಾವ."