ಗಾಲಿ ಸವೆದಿತ್ತು, ಕಸ್ತೂರೆವ್ವ ಕಾರು ಹತ್ತಲಿಲ್ಲ

ಅಮಾವಾಸ್ಯೆಗೆ ಬನಹಟ್ಟಿಯಲ್ಲಿ ಮಗ್ಗಗಳಿಗೆ ಬಿಡುವು. ಅದೂ ಎಳ್ಳಮಾಸಿ ಅಂದರೆ ನೇಕಾರ ಶಿದ್ರಾಮಪ್ಪನಿಗೆ ಎಲ್ಲಿಲ್ಲದ ಉಮೇದು. ಈ ಸಲ ಹುನ್ನೂರಿನಲ್ಲಿ ಬೀಗರ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಅಲ್ಲೇ ಉಂಡು, ಮರುದಿನ ಮಗಳು ವೈಶಾಲಿಯನ್ನು ತವರಿಗೆ ಕರೆತರಬೇಕಿತ್ತು. ಅವಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ.

ಬೀಗ ಹೊಳಬಸಪ್ಪ ಕರೆಯಲು ಬಂದಾಗಲೇ ಒಂದು ಮಾತು ಹೇಳಿದ್ದ. ಅವನು ಬಸ್ಸು ಓಡಿಸಿ ನಿವೃತ್ತನಾದವನು. ಅಂಗಳದಲ್ಲಿ ನಿಂತಿದ್ದ ಕಾರಿನ ಗಾಲಿಯ ಮೇಲೆ ಕೈಯಾಡಿಸಿ, ಆಮೇಲೆ ತನ್ನ ಬೋಳು ತಲೆಯ ಮೇಲೂ ಕೈಯಾಡಿಸಿಕೊಂಡು ನಕ್ಕಿದ್ದ.

"ಬೀಗರ, ಇವೆರಡಕ್ಕೂ ಏನೂ ಫರಕ್ ಇಲ್ಲ ನೋಡ್ರಿ. ಮೊದಲ ಗಾಲಿ ಬದಲಸ್ರಿ."

"ಗಾಲಿ ಒಡಿಯೂದು ಬ್ಯಾಸಗ್ಯಾಗ್ರಿ. ಥಂಡ್ಯಾಗ ಏನಾಗತೈತಿ? ಉಗಾದಿಗೆ ಹಾಕಸಿದ್ರಾತು" ಎಂದು ಶಿದ್ರಾಮಪ್ಪ ಮಾತು ಹಾರಿಸಿದ್ದ.

ಕಾರಿನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ದಿನಾ ಬೆಳಗಾದರೆ ಮೆತ್ತನೆಯ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದ. "ನನ್ನ ಮಾರಿ ಒಂದಿನಾನೂ ಹಿಂಗ ನೋಡ್ಲಿಲ್ಲ ನೀವು" ಎಂದು ಹೆಂಡತಿ ಕಸ್ತೂರೆವ್ವ ಚೇಷ್ಟೆ ಮಾಡುತ್ತಿದ್ದಳು. ಆದರೆ ಅವನ ಬಟ್ಟೆ ಯಾವತ್ತೂ ಗಾಲಿಯವರೆಗೆ ಇಳಿದಿರಲಿಲ್ಲ.

ಎಳ್ಳಮಾಸಿಯ ಮುಂಜಾನೆ ಹಲ್ಲು ಕಟಕಟ ಅನ್ನುವ ಥಂಡಿ. ಕಸ್ತೂರೆವ್ವ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಪಕ್ಕದಲ್ಲಿ ಕೂತಳು. ಜಮಖಂಡಿ ದಾಟಿದ ಮೇಲೆ ಮಂಜು ದಟ್ಟವಾಯಿತು. ಕಬ್ಬಿನ ಟ್ರ್ಯಾಕ್ಟರುಗಳು ಉದುರಿಸಿಹೋದ ಕರಿಮಣ್ಣು ರಸ್ತೆಯುದ್ದಕ್ಕೂ ಇಬ್ಬನಿಯಲ್ಲಿ ನೆನೆದಿತ್ತು.

ಶಿದ್ರಾಮಪ್ಪ ಜೋರಾಗೇನೂ ಹೋಗುತ್ತಿರಲಿಲ್ಲ. ಒಂದು ತಿರುವಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು ಮಂಜಿನೊಳಗಿಂದ ಒಮ್ಮೆಲೇ ಎದುರಿಗೆ ಕಂಡಿತು. ಅವನು ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದ, ಕಾರು ಅವನ ಮಾತು ಕೇಳಲಿಲ್ಲ. ಸರ್ರನೆ ಜಾರುತ್ತಾ, ಅಡ್ಡ ತಿರುಗಿ, ರಸ್ತೆ ಬಿಟ್ಟು ಜಾಲಿಕಂಟಿಗೆ ಹೋಗಿ ಆತುಕೊಂಡಿತು. ಟ್ರ್ಯಾಕ್ಟರು ಗೇಣು ದೂರದಲ್ಲಿ ಹಾದುಹೋಯಿತು.

ಶಿದ್ರಾಮಪ್ಪ ಎಂಜಿನ್ ಆರಿಸಿ ಹೆಂಡತಿಯ ಕಡೆ ತಿರುಗಿದ.

"ಕಸ್ತೂರಿ... ಏನೂ ಆಗಿಲ್ಲಲಾ ನಿನಗ?"

"ನನಗೇನಾಗಿಲ್ರಿ. ನಿಮಗೇನೂ ಆಗಿಲ್ಲಲಾ?" ಎಂದು ಅವಳು ಅವನ ಎರಡೂ ಕೈಗಳನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

ದಾರಿಹೋಕರು ಕಾರನ್ನು ರಸ್ತೆಗೆ ನೂಕಿಕೊಟ್ಟರು. ಹುನ್ನೂರಿನ ಹೊಲ ಮುಟ್ಟಿದ್ದೇ ತಡ, ಕಸ್ತೂರೆವ್ವ ಕೆಳಗಿಳಿದು ಎಲ್ಲರೆದುರು ಹೇಳಿದಳು. "ನಾ ಬೇಕಾದ್ರ ನಡಕೋಂತ ಬನಹಟ್ಟಿಗೆ ಹೋಗತೇನಿ. ಇನ್ನ ಈ ಕಾರ ಹತ್ತಾಂಗಿಲ್ಲ. ನನ್ನ ಮಗಳ್ನಂತೂ ಹತ್ತಸಾಂಗಿಲ್ಲ."

ಊಟವಾದ ಮೇಲೆ ಶಿದ್ರಾಮಪ್ಪ ಬನ್ನಿ ಗಿಡದ ನೆರಳಿನಲ್ಲಿ ಸಣ್ಣ ದನಿಯಲ್ಲಿ ಹೇಳಿದ. "ಬ್ರೇಕ್ ಖರೇನ ಹಿಡದಿದ್ನಿ ಬೀಗರ. ಬ್ರೇಕ್ ಕೈ ಕೊಟ್ಟಿರಬೇಕು."

"ಬ್ರೇಕ್ ಗಾಲಿ ನಿಂದರಸತೈತ್ರಿ. ಕಾರ ನಿಂದರಸೂದು ಗಾಲಿ" ಎಂದ ಹೊಳಬಸಪ್ಪ. ಅವನ ದನಿಯಲ್ಲಿ ಕೊಂಕು ಇರಲಿಲ್ಲ. "ಗಾಲಿಗೆ ರಸ್ತಾದ ಹಿಡತ ಸಿಗಲಿಲ್ಲಂದ್ರ ಬ್ರೇಕ್ ಪಾಪ ಏನ ಮಾಡೀತು? ಗಾಲಿ ಮ್ಯಾಲ ಗೀರು ಇರತಾವಲ್ಲ, ಚೆಂದಕ್ಕ ಇರಾಂಗಿಲ್ಲ ಅವು. ರಸ್ತಾದ ನೀರು ಆ ಗೀರಿನಾಗಿಂದ ಹೊರಗ ಹೋಗತೈತಿ. ಗೀರು ಸವದ್ರ ನೀರು ಗಾಲಿ ಕೆಳಗ ಉಳೀತೈತಿ. ಗಾಲಿ ತೇಲಿದಂಗ ಆಗಿ ಜಾರತೈತಿ."

"ಮಳಿ ಎಲ್ಲಿತ್ರಿ?"

"ಇಬ್ಬನಿ ನೀರಲ್ಲೇನ್ರಿ? ಅದಕ್ಕ ಕರಿಮಣ್ಣ ಕೂಡಿದ್ರ ರಸ್ತಾಕ್ಕ ಬೆಣ್ಣಿ ಸವರಿದಂಗ."

ದೂರ ಕೂತಿದ್ದ ಕಸ್ತೂರೆವ್ವ ಹತ್ತಿರ ಸರಿದಳು. "ಅಣ್ಣಾರ, ಥಂಡೀಗೂ ಗಾಲಿಗೂ ಏನ ಸಂಬಂಧ್ರಿ?"

"ಥಂಡಿಗೆ ಕೊಬ್ರಿ ಎಣ್ಣಿ ಗಟ್ಟಿ ಆಗತೈತಲ್ಲಬೇ ತಂಗಿ? ರಬ್ಬರ್ ಅಷ್ಟು ಆಗಾಂಗಿಲ್ಲ, ಆದ್ರ ಒಂದೀಟು ಬಿರಸಾಗತೈತಿ. ಮೆತ್ತಗಿನ ರಬ್ಬರ್ ರಸ್ತಾ ಕಚ್ಚಿ ಹಿಡೀತೈತಿ, ಬಿರಸಾದ್ದು ಹಿಡಿಯಾಂಗಿಲ್ಲ. ಹಳೀ ಗಾಲಿ ಮೊದಲ ಬಿರಸಾಗಿರತೈತಿ. ಮ್ಯಾಲ ಥಂಡಿಗೆ ಒಳಗಿನ ಗಾಳಿನೂ ಕುಗ್ಗತೈತಿ. ಬ್ಯಾಸಗಿಗೆ ತುಂಬಿದ ಗಾಳಿ ಈಗ ಕಡಿಮಿ ಬೀಳತೈತಿ."

ಶಿದ್ರಾಮಪ್ಪ ತಲೆ ಕೆರೆದುಕೊಂಡ. "ಹಂಗಾರ ಮುಂದಿನ ಎರಡು ಹಾಕಸಿದ್ರ ಸಾಕಲ್ರಿ?"

"ನಿಮ್ಮ ನಾಕೂ ನುಣ್ಣಗಾಗ್ಯಾವ್ರಿ. ಹಿಂದಿನವು ಜಾರಿದ್ರ ಕಾರ ಗಿರ್ರಂತ ತಿರಗತೈತಿ. ಇವತ್ತ ಆಗಿದ್ದೂ ಅದ." ಹೊಳಬಸಪ್ಪ ಅವನನ್ನು ಕಾರಿನ ಹತ್ತಿರ ಕರೆದೊಯ್ದು ಕೂರಿಸಿ, ಗಾಲಿಯ ಗೀರಿನ ತಳದಲ್ಲಿದ್ದ ಸಣ್ಣ ದಿಬ್ಬದ ಮೇಲೆ ಅವನ ಬೆರಳಿಟ್ಟ. "ಗಾಲಿ ಸವದು ಈ ದಿಬ್ಬದ ಮಟ್ಟಕ್ಕ ಬಂತಂದ್ರ ಅದರ ಆಯುಷ್ಯ ಮುಗೀತು."

ಬೆರಳಿಗೆ ದಿಬ್ಬವೂ ಗಾಲಿಯ ಮೈಯೂ ಒಂದೇ ಸಮನಾಗಿ ಹತ್ತಿದವು. ಶಿದ್ರಾಮಪ್ಪ ತಿರುಗಿ ವೈಶಾಲಿಯನ್ನು ನೋಡಿದ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವ್ವನ ಹೆಗಲಿಗೆ ಒರಗಿದ್ದಳು. "ನಾಕೂ ಬದಲಸೂಣ್ರಿ ಬೀಗರ" ಎಂದ.

ಮರುದಿನ ಬಿಸಿಲೇರಿ, ರಸ್ತೆ ಒಣಗಿದ ಮೇಲೆ ಬೀಗರಿಬ್ಬರೂ ನಿಧಾನವಾಗಿ ಜಮಖಂಡಿಗೆ ಹೋದರು. ನಾಲ್ಕೂ ಗಾಲಿ ಹೊಸವು ಬಿದ್ದವು. ಹಿಂದಿರುಗಿ ಬಂದಾಗ ಕಸ್ತೂರೆವ್ವ ಸುಮ್ಮನೆ ಹತ್ತಲಿಲ್ಲ. ಕಾರನ್ನು ಒಂದು ಸುತ್ತು ಹಾಕಿ, ಪ್ರತಿ ಗಾಲಿಯ ಗೀರಿನಲ್ಲೂ ಬೆರಳು ತೂರಿಸಿ ನೋಡಿದಳು. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿ, ತಾನು ಗಂಡನ ಪಕ್ಕಕ್ಕೆ ಬಂದು ಕೂತಳು.

"ಹೂಂ, ನಡೀರಿ. ಸಾವಕಾಶ."

"ಇನ್ನರ ಸಿಟ್ಟು ಹೋತಿಲ್ಲೋ?"

"ಸಿಟ್ಟಲ್ರಿ ಅದು. ನಿಮಗೇನರ ಆಗಿದ್ರ ನಾ ಏನ ಮಾಡ್ಲಿ?" ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಶಿದ್ರಾಮಪ್ಪ ಊರು ಮುಟ್ಟುವವರೆಗೆ ಒಮ್ಮೆಯೂ ಜೋರು ಹೋಗಲಿಲ್ಲ. ಈಗ ಆ ಕಾರಿನಲ್ಲಿ ಮೊಮ್ಮಗಳಿಗೂ ಒಂದು ಜಾಗವಿದೆ.

ಅಣ್ಣಂದಿರೇ, ಅಕ್ಕಂದಿರೇ, ನಮ್ಮ ಕಡೆ ಹಿಮ ಬೀಳುವುದಿಲ್ಲ, ನಿಜ. ಆದರೆ ಚಳಿಗಾಲದ ಇಬ್ಬನಿ, ಮಂಜು, ಕಬ್ಬಿನ ಹಂಗಾಮಿನ ಮಣ್ಣು, ಇಷ್ಟು ಸಾಕು ಸವೆದ ಗಾಲಿ ಜಾರಲು. ನಾಳೆ ಗಾಡಿ ತೆಗೆಯುವ ಮೊದಲು ಒಮ್ಮೆ ಬಗ್ಗಿ ಗಾಲಿ ಮುಟ್ಟಿ ನೋಡಿ. ಗಾಲಿ ಸವೆದು ಗೀರಿನೊಳಗಿನ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಹಬ್ಬ ಹುಣ್ಣಿಮೆ ಕಾಯಬೇಡಿ, ಬದಲಿಸಿ. ಗಾಡಿ ಓಡಿ ಬಿಸಿಯಾಗುವ ಮೊದಲೇ ಗಾಳಿ ನೋಡಿಸಿ. ಮಂಜಿನಲ್ಲಿ ನಿಧಾನ ಹೋಗಿ, ಮುಂದಿನ ಗಾಡಿಯಿಂದ ದೂರ ಉಳಿಯಿರಿ. ಬೈಕಿಗೂ ಇದೇ ಮಾತು. ನಿಮ್ಮ ಪಕ್ಕದ ಸೀಟಿನಲ್ಲೂ ಒಂದು ಜೀವ ನಿಮ್ಮನ್ನೇ ನಂಬಿ ಕೂತಿರುತ್ತದೆ.