ಸೆರಗಿನ ಬೆಲ್ಲ

"ಇಲ್ಲೂ ಸೂಪರ್‌ವೈಸರ್‌ಗೆ ಫೋನ್ ಮಾಡಿದ್ರೆ ನಾನ್ ಮನೇಗೇ ಬರಲ್ಲ, ನೋಡ್ಕೋ," ಎಂದಳು ಸರಳಾ, ಕಂಪನಿ ಬಸ್ಸು ಹತ್ತುತ್ತಾ.

"ನಾನ್ಯಾಕ್ ಮಾಡ್ಲಿ? ಹೋಗ್ ಬಾ," ಎಂದಳು ತಾಯಿ ನಾಗವೇಣಿ.

ಹೋದ ಸಲ ಮಾಡಿದ್ದಳಲ್ಲ! "ಮಗೀಗೆ ಸಕ್ಕರೆ ಇಳೀತಾ ಐತೆ, ಒಂಚೂರು ಬೆಲ್ಲ ಕೊಡ್ರಪ್ಪಾ" ಎಂದು ಅಂಗಲಾಚಿದ್ದಕ್ಕೆ, ಕಾಯಿಲೆಯ ಹುಡುಗಿ ಬೇಡವೆಂದು ಆ ಕಂಪನಿಯವರು ಅವತ್ತೇ ಕಳಿಸಿಬಿಟ್ಟಿದ್ದರು. ಇದು ಹೊಸೂರಿನಲ್ಲಿ ಸಿಕ್ಕ ಎರಡನೆಯ ಕೆಲಸ, ಇವತ್ತೇ ಮೊದಲ ದಿನ.

ನಾಗವೇಣಿ ಹೊಲಕ್ಕೆ ಬಂದು ಫೋನನ್ನು ಬದುವಿನ ಮೇಲಿಟ್ಟು ಕೊತ್ತಂಬರಿ ಸೊಪ್ಪು ಕಟ್ಟತೊಡಗಿದಳು.

ಸಕ್ಕರೆ ಕಾಯಿಲೆ ಊರಲ್ಲಿ ಯಾರಿಗಿಲ್ಲ ಹೇಳಿ. ಎಲ್ಲರೂ ಸರಳಾಳಿಗೆ "ಅನ್ನ ಬುಡು, ತುಪ್ಪ ಬುಡು" ಎಂದು ಪುಕ್ಕಟೆ ಬುದ್ಧಿ ಹೇಳುವವರೇ. ಆದರೆ ಇವಳದ್ದೇ ಬೇರೆ. ಹುಟ್ಟಿನಿಂದಲೇ ಮೈಯೊಳಗಿನ ಲೋಳೆ ಗೋಂದಿನ ಹಾಗೆ ಗಟ್ಟಿಯಾಗಿ ಶ್ವಾಸಕೋಶ ಹಿಡಿದಿತ್ತು, ಆಮೇಲೆ ಇನ್ಸುಲಿನ್ ತಯಾರಿಸುವ ಗ್ರಂಥಿಯನ್ನೂ ಕೆಡಿಸಿತು. ಅನ್ನ, ತುಪ್ಪ ತಿನ್ನದಿದ್ದರೆ ಇವಳಿಗೆ ಮೈಯೇ ಹಿಡಿಯದು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರು ನಾಗವೇಣಿಯ ಕಿವಿಗೆ ಬಿದ್ದದ್ದು, ದೊಡ್ಡ ಮಗ ಚಿರಂಜೀವಿ ಅದೇ ಕಾಯಿಲೆಯ ಕೆಮ್ಮಿನಲ್ಲಿ ತೀರಿಹೋದ ಮೇಲೆ. ಅವನ ಹಣೆಗೆ ಮುತ್ತಿಟ್ಟರೆ ಉಪ್ಪುಪ್ಪು. ಅದು ಈ ಕಾಯಿಲೆಯದೇ ಗುರುತೆಂದು ತಿಳಿಯದೆ, ಜಾಸ್ತಿ ಬೆವರುವ ಮಗು ಅಂದುಕೊಂಡಿದ್ದಳು, ಪಾಪ.

ಈಗ ಸರಳಾಳ ತೋಳಿಗೊಂದು ಬಿಲ್ಲೆ, ಸೊಂಟಕ್ಕೊಂದು ಪಂಪು. ಬಿಲ್ಲೆ ಸಕ್ಕರೆ ನೋಡುತ್ತದೆ. ಪಂಪು ತಾನಾಗಿಯೇ ಇನ್ಸುಲಿನ್ ಬಿಡುತ್ತದೆ, ಸಕ್ಕರೆ ಇಳಿದರೆ ನಿಲ್ಲಿಸುತ್ತದೆ. ಅಂಕಿ ಅಮ್ಮನ ಫೋನಿಗೂ ಬರುತ್ತದೆ. ಅದು ಇಳಿದರೆ ಸಾಕು, ನಾಗವೇಣಿ ಮಗಳ ಬಾಯಿಗೆ ಬೆಲ್ಲ ತುರುಕುತ್ತಿದ್ದಳು. ಸಕ್ಕರೆ ಏರಿತೆಂದು ಪಂಪು ಇನ್ನಷ್ಟು ಬಿಡುತ್ತಿತ್ತು. ಮತ್ತೆ ಇಳಿತ, ಮತ್ತೆ ಬೆಲ್ಲ.

"ನೀವೂ ಮಿಷಿನ್ನೂ ಹಗ್ಗಜಗ್ಗಾಟ ಆಡ್ತಿದ್ದೀರಲ್ಲಮ್ಮಾ," ಎಂದು ಡಾಕ್ಟರು ನಕ್ಕಿದ್ದರು. "ಎಪ್ಪತ್ತರ ತನಕ ಸುಮ್ನಿರಿ. ಅದಕ್ಕಿಂತ ಇಳಿದ್ರೆ ಅವಳ ಜೇಬಲ್ಲೇ ಗ್ಲೂಕೋಸ್ ಇರುತ್ತೆ."

ಫೋನಿನಲ್ಲಿ ತೊಂಬತ್ತು. ಪಕ್ಕದ ಬಾಣ ಕೆಳಮುಖ, ಇನ್ನೂ ಇಳಿಯುತ್ತಿದೆ.

ನಾಗವೇಣಿ ಸೆರಗಿನ ಗಂಟು ಬಿಚ್ಚಿದಳು. ಬೆಲ್ಲದ ಚೂರು ಸದಾ ಅಲ್ಲೇ ಇರುತ್ತದೆ. ಕೊಡಬೇಕಾದ ಬಾಯಿ ಹೊಸೂರಿನಲ್ಲಿ.

"ಯಾಕೆ, ಕೈ ನಿಂತೋಯ್ತು?" ಎಂದ ಪಕ್ಕದ ಸಾಲಿನಲ್ಲಿ ಸೊಪ್ಪು ಕೀಳುತ್ತಿದ್ದ ಗಂಡ ಮುತ್ತರಾಯಪ್ಪ.

"ಎಂಬತ್ತೊಂದು."

"ಫೋನ್ ಮಾಡು ಮತ್ತೆ."

"ಕೆಲ್ಸದಲ್ಲಿ ಅವ್ಳು ಫೋನ್ ಎತ್ತಂಗಿಲ್ಲ. ಸೂಪರ್‌ವೈಸರ್‌ಗೆ ಮಾಡಿದ್ರೆ ಕೆಲ್ಸ ಹೋಗ್ತದೆ."

"ಹೋದ್ರೆ ಹೋಗ್ಲಿ ಬುಡು. ಜೀವ ಇದ್ರೆ ಸಾಕು."

"ಹೋದ್ ಸಲ ಗೋಡೆ ಕಡೆ ಮುಖ ಹಾಕ್ಕೊಂಡು ಮಲಗಿದ್ಲಲ್ಲ, ಅದೂ ಒಂದು ಜೀವಾನಾ?"

ಮುತ್ತರಾಯಪ್ಪ ಮತ್ತೆ ಸೊಪ್ಪಿಗೆ ಬಾಗಿದ. ಅವಳ ಹೆಬ್ಬೆರಳು, ಗುಟ್ಟಾಗಿ ಇಟ್ಟುಕೊಂಡಿದ್ದ ಹೊಸ ಸೂಪರ್‌ವೈಸರ್ ನಂಬರಿನ ಮೇಲೆ ಹೋಯಿತು. ಎದೆ ಡವಡವ ಎನ್ನಬೇಕಿತ್ತು, ಎನ್ನಲಿಲ್ಲ. ಚಿರಂಜೀವಿಯನ್ನು ಮಣ್ಣು ಮಾಡಿ ಬಂದಾಗಿನಿಂದ ಆ ಜಾಗ ಮರಗಟ್ಟಿಹೋಗಿತ್ತು. ಹೆದರುವ ಕೆಲಸ ಕೈಗಳಷ್ಟೇ ಮಾಡುತ್ತಿದ್ದವು.

ಎಪ್ಪತ್ತಾರು.

ಅವಳು ಬೆರಳು ಹಿಂದಕ್ಕೆ ತೆಗೆದು, ಬೆಲ್ಲವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಳು. ಬಿಸಿಲು ಏರಿತು. ಎಪ್ಪತ್ತನಾಲ್ಕು. ಮತ್ತೆ ಎಪ್ಪತ್ತನಾಲ್ಕು. ಬಾಣ ಅಡ್ಡಡ್ಡ ಮಲಗಿತು. ಎಪ್ಪತ್ತೆಂಟು.

"ನಿಂತ್ಕೊಂತಾ?"

"ಹೂಂ. ಮಿಷಿನ್ನೇ ನಿಲ್ಲಿಸ್ತು."

ಸಂತೋಷವಾಗಲಿಲ್ಲ. ಏನೂ ಆಗಲಿಲ್ಲ. ಮುಷ್ಟಿ ಬಿಚ್ಚಿದರೆ ಬೆಲ್ಲ ಕರಗಿ ಅಂಗೈಗೆಲ್ಲ ಅಂಟಿತ್ತು. ಸೆರಗಿಗೆ ಒರೆಸಲು ಹೋದವಳು ಒರೆಸದೆ ನಾಲಿಗೆಯಿಂದ ನೆಕ್ಕಿದಳು.

ಬೆವರು ಸೇರಿ ಉಪ್ಪುಪ್ಪಾಗಿತ್ತು.